ಎರಡು ಯಂತ್ರಗಳ ನಡುವಿನ ತಂತಿ

(ಐಟಿಐ ಹಾಗೂ ಡಿಪ್ಲೊಮಾ ವಿದ್ಯಾರ್ಥಿಗಳಿಗಾಗಿ ನಡೆದ ವೃತ್ತಿ ಮಾರ್ಗದರ್ಶನ ಶಿಬಿರದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

 

ಇಂಥ ಶಿಬಿರಗಳಲ್ಲಿ ಸಾಮಾನ್ಯವಾಗಿ ಸಾಫ್ಟ್‌ವೇರ್, ಕೃತಕ ಬುದ್ಧಿಮತ್ತೆ, ವಿದೇಶದ ಉದ್ಯೋಗ ಮುಂತಾದ ದೊಡ್ಡ ವಿಷಯಗಳ ಬಗ್ಗೆ ಮಾತನಾಡುತ್ತಾರೆ. ಅವೂ ಬೇಕು. ಆದರೆ ನಾನು ಇಂದು ಒಂದು ಚಿಕ್ಕ ವಿಷಯವನ್ನು ಆರಿಸಿಕೊಂಡಿದ್ದೇನೆ. ಒಂದು ಯಂತ್ರದಿಂದ ಪಕ್ಕದ ಇನ್ನೊಂದು ಯಂತ್ರಕ್ಕೆ ಮಾಹಿತಿ ಒಯ್ಯುವ ಎರಡು-ಮೂರು ಮೀಟರ್ ತಂತಿ, ಮತ್ತು ಅದರ ಎರಡು ತುದಿಯಲ್ಲಿರುವ ಕನೆಕ್ಟರ್. ಇದನ್ನು ಹೇಗೆ ಆರಿಸಬೇಕು, ಹೇಗೆ ಕಟ್ಟಬೇಕು ಎಂಬುದೇ ಇಂದಿನ ಮಾತು.

ಇದರಲ್ಲಿ ಹೇಳುವಂಥದ್ದು ಏನಿದೆ ಎಂದು ನಿಮಗೆ ಅನಿಸಬಹುದು. ಗುಬ್ಬಿ ಅಥವಾ ಕುಣಿಗಲ್ ತಾಲ್ಲೂಕಿನಲ್ಲಿ ಕಂಪ್ಯೂಟರ್ ಇಟ್ಟಿರುವ ಯಾವುದಾದರೂ ಹಾಲಿನ ಡೈರಿಗೆ ಬೆಳಿಗ್ಗೆ ಹೋಗಿ ನೋಡಿ. ರೈತ ಮಹಿಳೆ ಕ್ಯಾನಿನಿಂದ ಹಾಲು ಸುರಿಯುತ್ತಾಳೆ. ಎಲೆಕ್ಟ್ರಾನಿಕ್ ತಕ್ಕಡಿ ತೂಕ ಹೇಳುತ್ತದೆ. ಪಕ್ಕದ ಪರೀಕ್ಷಾ ಯಂತ್ರ ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು ಎಂದು ಹೇಳುತ್ತದೆ. ಎರಡೂ ಅಂಕಿಗಳು ತಂತಿಯ ಮೂಲಕ ಕಂಪ್ಯೂಟರ್‌ಗೆ ಹೋಗಿ, ಪ್ರಿಂಟರ್‌ನಿಂದ ಚೀಟಿಯಾಗಿ ಹೊರಬರುತ್ತವೆ. ಹಾಲು ಮಲ್ಲಸಂದ್ರದ ಡೈರಿಗೆ ಹೋಗುತ್ತದೆ. ಆ ಮನೆಗೆ ಬರುವ ಹಣ ಮಾತ್ರ ಆ ಚೀಟಿಯ ಅಂಕಿಯ ಮೇಲೆ ನಿಂತಿರುತ್ತದೆ. ಎಪಿಎಂಸಿ ಯಾರ್ಡಿನಲ್ಲಿ ಅಡಿಕೆ, ಕೊಬ್ಬರಿ, ರಾಗಿ ಹೊತ್ತು ಬಂದ ಲಾರಿಯನ್ನು ತೂಗುವ ವೇಬ್ರಿಡ್ಜ್‌ನಲ್ಲೂ ಇದೇ ಕಥೆ. ವಸಂತನರಸಾಪುರದ ಶೆಡ್‌ಗಳಲ್ಲಿರುವ ಹಳೆಯ ಸಿಎನ್‌ಸಿ ಯಂತ್ರಗಳಿಗೆ ಪ್ರೋಗ್ರಾಂ ತುಂಬುವುದೂ ಇಂಥದೇ ತಂತಿಯಿಂದ.

ಈ ರೀತಿಯ ಸಂಪರ್ಕಕ್ಕೆ ಸೀರಿಯಲ್ ಕಮ್ಯುನಿಕೇಷನ್ ಎನ್ನುತ್ತಾರೆ. ಅಂದರೆ ಸರತಿಯ ಸಾಲು. ಒಂದೊಂದು ಅಕ್ಷರವನ್ನೂ ಸೊನ್ನೆ ಮತ್ತು ಒಂದರ ಬಿಟ್‌ಗಳಾಗಿ ಬಿಡಿಸಿ, ಒಂದರ ಹಿಂದೆ ಒಂದರಂತೆ ಒಂದೇ ತಂತಿಯಲ್ಲಿ ಕಳಿಸುವುದು. ಸಾಮಾನ್ಯವಾಗಿ ಬಳಸುವ ವೇಗ 9600. ಅಂದರೆ ಸೆಕೆಂಡಿಗೆ 9600 ಬಿಟ್. ಒಂದು ಅಕ್ಷರಕ್ಕೆ ಆರಂಭದ ಬಿಟ್ 1, ಮಾಹಿತಿಯ ಬಿಟ್ 8, ಮುಕ್ತಾಯದ ಬಿಟ್ 1, ಒಟ್ಟು 10 ಬಿಟ್ ಎಂದಿಟ್ಟುಕೊಂಡರೆ ಸೆಕೆಂಡಿಗೆ 960 ಅಕ್ಷರ ಹೋಗುತ್ತವೆ. ಒಂದು ಬಿಟ್ ತಂತಿಯ ಮೇಲೆ ಇರುವುದು ಸುಮಾರು 104 ಮೈಕ್ರೊಸೆಕೆಂಡ್, ಅಂದರೆ ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ಹೊತ್ತು.

ಈಗ ಒಂದು ಲೆಕ್ಕ ನೋಡಿ. ಕಂಪ್ಯೂಟರ್ ಭಾಷೆಯಲ್ಲಿ 1 ಎಂಬ ಅಂಕಿಯನ್ನು 0110001 ಎಂದು ಬರೆಯುತ್ತಾರೆ. 5 ಎಂಬ ಅಂಕಿಯನ್ನು 0110101 ಎಂದು ಬರೆಯುತ್ತಾರೆ. ಎರಡಕ್ಕೂ ಇರುವ ವ್ಯತ್ಯಾಸ ಒಂದೇ ಒಂದು ಬಿಟ್. ಪಕ್ಕದಲ್ಲಿ ಮೋಟಾರ್ ಚಾಲೂ ಆದಾಗ ಸಡಿಲವಾದ ಕನೆಕ್ಟರ್‌ನಲ್ಲಿ ಆ ಒಂದು ಬಿಟ್ ಕೆಟ್ಟರೆ 4.5 ಫ್ಯಾಟ್ ಇದ್ದದ್ದು 4.1 ಆಗಬಹುದು, 4.1 ಇದ್ದದ್ದು 4.5 ಆಗಬಹುದು. ಪರದೆಯ ಮೇಲೆ ಅದು ಸರಿಯಾದ ಅಂಕಿಯಂತೆಯೇ ಕಾಣುತ್ತದೆ. ಯಾರಿಗೂ ಅನುಮಾನ ಬರುವುದಿಲ್ಲ. ಇದನ್ನು ಹಿಡಿಯಲು ಪ್ಯಾರಿಟಿ ಎಂಬ ಕಾವಲು ಬಿಟ್ ಇದೆ, ಚೆಕ್‌ಸಮ್ ಎಂಬ ಒಟ್ಟು ಲೆಕ್ಕದ ವ್ಯವಸ್ಥೆ ಇದೆ. ಯಂತ್ರದಲ್ಲಿ ಅವು ಇದ್ದರೆ ಖಂಡಿತ ಬಳಸಿ. ಆದರೆ ಕಾವಲುಗಾರ ಇದ್ದಾನೆಂದು ಬಾಗಿಲು ತೆರೆದಿಡುವುದಿಲ್ಲ. ಬಾಗಿಲೆಂದರೆ ಇಲ್ಲಿ ತಂತಿ.

ತಕ್ಕಡಿಗೆ ಕಾನೂನುಮಾಪನ ಇಲಾಖೆಯವರು ಬಂದು ಪರೀಕ್ಷಿಸಿ ಮುದ್ರೆ ಹಾಕುತ್ತಾರೆ. 2009ರ ಕಾನೂನುಮಾಪನ ಅಧಿನಿಯಮದಲ್ಲಿ ಅದಕ್ಕೆ ವ್ಯವಸ್ಥೆ ಇದೆ. ಆದರೆ ಮುದ್ರೆಯಾದ ತಕ್ಕಡಿಯಿಂದ ಕಂಪ್ಯೂಟರ್‌ವರೆಗೆ ಹೋಗುವ ತಂತಿಯನ್ನು ಕಟ್ಟುವವನು ಒಬ್ಬ ಹುಡುಗ. ಅದಕ್ಕೆ ಅವನ ಕೈಯ ಕೆಲಸವೇ ಮುದ್ರೆ. ಅಳತೆ ಮತ್ತು ತೂಕದಲ್ಲಿ ಮೋಸ ಮಾಡುವವರ ಹೆಸರಿನಲ್ಲೇ ಪವಿತ್ರ ಕುರ್‌ಆನ್‌ನಲ್ಲಿ ಒಂದು ಅಧ್ಯಾಯ ಇದೆ, ಸೂರಃ ಅಲ್-ಮುತಫ್ಫಿಫೀನ್. ತಿಳಿದು ಮಾಡುವ ಮೋಸದ ಬಗ್ಗೆ ನಾವು ಎಚ್ಚರವಾಗಿರುತ್ತೇವೆ. ತಿಳಿಯದೆ ಆಗುವ ನಷ್ಟವನ್ನು ತಡೆಯಲು ವಿದ್ಯೆ ಬೇಕು.

ಹಾಗಾದರೆ ತಂತಿ ಕೊಳ್ಳಲು ಅಂಗಡಿಗೆ ಹೋಗುವ ಮೊದಲು ಐದು ಪ್ರಶ್ನೆ ಕೇಳಿಕೊಳ್ಳಬೇಕು. ಯಂತ್ರದ ಭಾಷೆ ಯಾವುದು? ದೂರ ಎಷ್ಟು? ಗ್ರೌಂಡ್ ಹೇಗಿದೆ? ಕನೆಕ್ಟರ್‌ನ ಯಾವ ಪಿನ್ನಿಗೆ ಏನು? ಸುತ್ತಲಿನ ಜಾಗ ಎಂಥದು?

ಮೊದಲನೆಯದು ಭಾಷೆ. ನಿಮಗೆ ಮೂರು ಬಗೆ ಎದುರಾಗುತ್ತವೆ. ಒಂದನೆಯದು ಆರ್‌ಎಸ್-232. ಅಮೆರಿಕದಲ್ಲಿ 1960ರಲ್ಲಿ ಇದರ ಮಾನಕ ಬಂತು, 1969ರಲ್ಲಿ ಆರ್‌ಎಸ್-232-ಸಿ ಎಂಬ ರೂಪ ಪಡೆಯಿತು. ಇಷ್ಟು ಹಳೆಯದಾದರೂ ಇನ್ನೂ ನಮ್ಮ ತಕ್ಕಡಿ, ಪರೀಕ್ಷಾ ಯಂತ್ರಗಳಲ್ಲಿ ಬದುಕಿದೆ. ಇದರಲ್ಲಿ 1 ಎಂದರೆ ಮೈನಸ್ 3ರಿಂದ ಮೈನಸ್ 15 ವೋಲ್ಟ್, 0 ಎಂದರೆ ಪ್ಲಸ್ 3ರಿಂದ ಪ್ಲಸ್ 15 ವೋಲ್ಟ್. ಎರಡನೆಯದು ಟಿಟಿಎಲ್ ಮಟ್ಟ. ಸಣ್ಣ ಸರ್ಕ್ಯೂಟ್ ಬೋರ್ಡುಗಳಲ್ಲಿ 0 ಮತ್ತು 5 ವೋಲ್ಟ್, ಅಥವಾ 0 ಮತ್ತು 3.3 ವೋಲ್ಟ್. ಇದು ಪೆಟ್ಟಿಗೆಯ ಒಳಗೆ ಒಂದೆರಡು ಗೇಣು ದೂರಕ್ಕೆ ಮಾತ್ರ. ಮೂರನೆಯದು ಆರ್‌ಎಸ್-485. 1983ರಲ್ಲಿ ಬಂದದ್ದು. ಇದರಲ್ಲಿ ಎ ಮತ್ತು ಬಿ ಎಂಬ ಎರಡು ತಂತಿಗಳ ನಡುವಿನ ವ್ಯತ್ಯಾಸವೇ ಸಂಕೇತ.

ಈ ಮೂರನ್ನೂ ಒಂದಕ್ಕೊಂದು ನೇರವಾಗಿ ಜೋಡಿಸಬಾರದು. ಆರ್‌ಎಸ್-232ರ ಮೈನಸ್ 10 ವೋಲ್ಟನ್ನು ತಂದು 3.3 ವೋಲ್ಟಿನ ಬೋರ್ಡಿಗೆ ಕೊಟ್ಟರೆ ಚಿಪ್ ಸುಟ್ಟುಹೋಗುತ್ತದೆ. ನಡುವೆ ಮ್ಯಾಕ್ಸ್-232ರಂಥ ಚಿಪ್ ಬೇಕು. 3.3 ವೋಲ್ಟಿನ ಬೋರ್ಡಾದರೆ ಅದಕ್ಕೆ ಹೊಂದುವ ಬಗೆಯನ್ನೇ ಆರಿಸಬೇಕು. ಕನೆಕ್ಟರ್ ಕೂರುತ್ತದೆ ಎಂದ ಮಾತ್ರಕ್ಕೆ ಒಳಗಿನ ಭಾಷೆ ಒಂದೇ ಎಂದು ತಿಳಿಯಬೇಡಿ. 9 ಪಿನ್ನಿನ ಅದೇ ಕನೆಕ್ಟರ್‌ನಲ್ಲಿ ಆರ್‌ಎಸ್-485 ಕೊಡುವ ಯಂತ್ರಗಳೂ ಇವೆ. ಯಂತ್ರದ ಪುಸ್ತಕ ಓದುವುದೇ ಮೊದಲ ಕೆಲಸ.

ಎರಡನೆಯದು ದೂರ. ಆರ್‌ಎಸ್-232ಕ್ಕೆ 50 ಅಡಿ, ಅಂದರೆ 15 ಮೀಟರ್ ಎಂಬ ಮಿತಿ ಎಲ್ಲರ ಬಾಯಲ್ಲಿದೆ. ಅದರ ಹಿಂದಿರುವ ಕಾರಣ ಕೆಪ್ಯಾಸಿಟೆನ್ಸ್. ಪಕ್ಕಪಕ್ಕದ ಎರಡು ತಂತಿಗಳು ಸೇರಿ ಒಂದು ಸಣ್ಣ ಕೆಪ್ಯಾಸಿಟರ್‌ನಂತೆ ವರ್ತಿಸುತ್ತವೆ. ತಂತಿ ಉದ್ದವಾದಷ್ಟೂ ಅದು ದೊಡ್ಡದಾಗಿ, ಚೂಪಾಗಿ ಏರಿಳಿಯಬೇಕಾದ ಸಂಕೇತ ಸವೆದು ಮೊಂಡಾಗುತ್ತದೆ. ಮಾನಕದ ಪ್ರಕಾರ ಒಟ್ಟು 2500 ಪೈಕೊಫ್ಯಾರಡ್ ಮೀರಬಾರದು. ಮೀಟರಿಗೆ 150 ಪೈಕೊಫ್ಯಾರಡ್ ಇರುವ ಸಾಮಾನ್ಯ ಪಿವಿಸಿ ಕೇಬಲ್ ಹಾಕಿದರೆ 2500ನ್ನು 150ರಿಂದ ಭಾಗಿಸಿ, ಸುಮಾರು 16 ಮೀಟರ್. ಕಂಪ್ಯೂಟರ್ ನೆಟ್‌ವರ್ಕಿಗೆ ಬಳಸುವ ಕ್ಯಾಟ್-5ಇ ಕೇಬಲ್‌ನಲ್ಲಿ ಮೀಟರಿಗೆ ಸುಮಾರು 50 ಪೈಕೊಫ್ಯಾರಡ್ ಮಾತ್ರ. ಆದ್ದರಿಂದ ಅದೇ ದೂರಕ್ಕೆ ಅದು ಹೆಚ್ಚು ಒಳ್ಳೆಯದು, ಎಲ್ಲ ಕಡೆ ಸಿಗುತ್ತದೆ ಕೂಡ.

ಕ್ಯಾಟ್-5ಇ ಬಳಸುವಾಗ ಎರಡು ಮಾತು ನೆನಪಿಡಿ. ಅದರಲ್ಲಿ ನಾಲ್ಕು ತಿರುಚಿದ ಜೋಡಿಗಳಿವೆ. ಆರ್‌ಎಸ್-232ರಲ್ಲಿ ಹೋಗುವ ಸಂಕೇತ ಮತ್ತು ಬರುವ ಸಂಕೇತ ಎರಡನ್ನೂ ಒಂದೇ ಜೋಡಿಗೆ ಹಾಕಬೇಡಿ. ಒಂದರ ಸದ್ದು ಇನ್ನೊಂದಕ್ಕೆ ಹತ್ತುತ್ತದೆ. ಒಂದು ಜೋಡಿಯಲ್ಲಿ ಒಂದು ಸಂಕೇತ, ಅದರ ಸಂಗಾತಿ ತಂತಿ ಗ್ರೌಂಡ್. ಇನ್ನೊಂದು ಮಾತು, ಗೋಡೆಯಲ್ಲಿ ಎಳೆಯುವ ಕ್ಯಾಟ್-5ಇ ಕೇಬಲ್ ಒಂಟಿ ಗಟ್ಟಿ ತಂತಿಯದು. ಅದನ್ನು ದಿನಾ ಮಡಿಸಿದರೆ, ಎಳೆದಾಡಿದರೆ ಒಳಗೇ ಮುರಿಯುತ್ತದೆ, ಹೊರಗೆ ಕಾಣುವುದಿಲ್ಲ. ಮೇಜಿನ ಮೇಲೆ ಅತ್ತಿತ್ತ ಸರಿಸುವ ಯಂತ್ರಕ್ಕೆ ಸಣ್ಣ ಎಳೆಗಳ ಮೆತ್ತನೆಯ ತಂತಿಯೇ ಬೇಕು. 0.2 ಚದರ ಮಿಲಿಮೀಟರ್‌ನ ಎಳೆ ತಂತಿ ಸಾಕು. ದಪ್ಪ ತಂತಿ ಹಾಕಿದರೆ ಕನೆಕ್ಟರ್‌ನಲ್ಲಿ ಕೂರುವುದಿಲ್ಲ.

15 ಮೀಟರ್ ದಾಟುವ ಕಡೆ, ಉದಾಹರಣೆಗೆ ವೇಬ್ರಿಡ್ಜ್‌ನಿಂದ ದೂರದ ಕಚೇರಿಗೆ, ಆರ್‌ಎಸ್-232ನ್ನು ಎಳೆದಾಡದೆ ಎರಡೂ ತುದಿಗೆ ಆರ್‌ಎಸ್-485 ಪರಿವರ್ತಕ ಹಾಕಿ. ಕಡಿಮೆ ವೇಗದಲ್ಲಿ ಅದು 1200 ಮೀಟರ್‌ವರೆಗೆ ಹೋಗುತ್ತದೆ. ಒಂದೇ ತಂತಿಗೆ 32 ಯಂತ್ರಗಳನ್ನು ಸರಪಳಿಯಂತೆ ಜೋಡಿಸಬಹುದು. ಇಲ್ಲಿ ಎ ಮತ್ತು ಬಿ ಎರಡೂ ಒಂದೇ ತಿರುಚಿದ ಜೋಡಿಯಲ್ಲಿರಬೇಕು. ಹೊರಗಿನ ಸದ್ದು ಎರಡಕ್ಕೂ ಸಮನಾಗಿ ಹತ್ತುವುದರಿಂದ ವ್ಯತ್ಯಾಸ ಕೆಡುವುದಿಲ್ಲ. ಉದ್ದದ ಸಾಲಾದರೆ ಎರಡು ತುದಿಯಲ್ಲೂ 120 ಓಮ್‌ನ ರೆಸಿಸ್ಟರ್ ಹಾಕಬೇಕು. ನಮ್ಮ ಜಿಲ್ಲೆಯ ಪಾವಗಡದಲ್ಲಿ 2050 ಮೆಗಾವ್ಯಾಟ್‌ನ ಸೌರ ವಿದ್ಯುತ್ ಪಾರ್ಕ್ ಇದೆಯಲ್ಲ, ಅಂಥ ಸ್ಥಾವರಗಳಲ್ಲಿ ಇನ್ವರ್ಟರ್, ಮೀಟರ್‌ಗಳಿಂದ ಮಾಹಿತಿ ತರಲು ಆರ್‌ಎಸ್-485 ಬಹಳ ಬಳಕೆಯಲ್ಲಿದೆ. ಒಂದು ಕಿವಿಮಾತು: ಎ ಮತ್ತು ಬಿ ಹೆಸರುಗಳನ್ನು ಎಲ್ಲ ತಯಾರಕರೂ ಒಂದೇ ರೀತಿ ಇಡುವುದಿಲ್ಲ. ಮಾತು ಕೇಳಿಸದಿದ್ದರೆ ಎರಡನ್ನೂ ಅದಲುಬದಲು ಮಾಡಿ ನೋಡಿ.

ಮೂರನೆಯದು ಗ್ರೌಂಡ್. ನಮ್ಮ ಊರುಗಳಲ್ಲಿ ಪೋರ್ಟ್ ಸುಡುವುದಕ್ಕೆ ಇದು ದೊಡ್ಡ ಕಾರಣ. ಕಂಪ್ಯೂಟರ್ ಯುಪಿಎಸ್‌ನಲ್ಲಿರುತ್ತದೆ, ಪರೀಕ್ಷಾ ಯಂತ್ರ ಗೋಡೆಯ ಇನ್ನೊಂದು ಪ್ಲಗ್ಗಿನಲ್ಲಿರುತ್ತದೆ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿ ಒಣಗಿರುತ್ತದೆ. ಎರಡು ಯಂತ್ರಗಳ ಮೈಗಳ ನಡುವೆ ಹತ್ತಾರು ವೋಲ್ಟ್ ವ್ಯತ್ಯಾಸ ಬಂದುಬಿಡಬಹುದು. ಆರ್‌ಎಸ್-232ರಲ್ಲಿ ಎಲ್ಲ ಸಂಕೇತವನ್ನೂ ಅಳೆಯುವುದು ಗ್ರೌಂಡ್ ತಂತಿಯಿಂದ. ಆ ವ್ಯತ್ಯಾಸದ ವಿದ್ಯುತ್ತು ಸಣ್ಣ ತಂತಿಯಲ್ಲಿ ಹರಿದರೆ ಮೊದಲು ಅಕ್ಷರ ಕೆಡುತ್ತದೆ, ಆಮೇಲೆ ಚಿಪ್ ಸಾಯುತ್ತದೆ. ಆದ್ದರಿಂದ ಎರಡೂ ಯಂತ್ರಗಳಿಗೆ ಒಂದೇ ಬೋರ್ಡಿನಿಂದ, ಒಂದೇ ಅರ್ಥಿಂಗ್‌ನಿಂದ ವಿದ್ಯುತ್ ಕೊಡಿ. ಆಗದಿದ್ದರೆ ಆಪ್ಟೊ ಐಸೊಲೇಟರ್ ಇರುವ ಪರಿವರ್ತಕ ಹಾಕಿ. ಅದು ಮಾಹಿತಿಯನ್ನು ಬೆಳಕಿನ ಮೂಲಕ ದಾಟಿಸುತ್ತದೆ, ವಿದ್ಯುತ್ತು ದಾಟುವುದಿಲ್ಲ. ತಂತಿ ಹಾಕುವಾಗ, ಕೀಳುವಾಗ ಎರಡೂ ಯಂತ್ರ ಆಫ್ ಇರಲಿ. ಸಿಡಿಲಿನ ದಿನ ಪ್ಲಗ್ಗಿನ ಜೊತೆಗೆ ಈ ತಂತಿಯನ್ನೂ ಕಿತ್ತಿಡಿ.

ಕೇಬಲ್‌ನ ಲೋಹದ ಹೊದಿಕೆ, ಅಂದರೆ ಶೀಲ್ಡ್, ಮೋಟಾರು ಮತ್ತು ವೆಲ್ಡಿಂಗ್ ಯಂತ್ರ ಇರುವ ಕಡೆ ಬೇಕೇ ಬೇಕು. ಇಂಥ ಕಡಿಮೆ ವೇಗದ ತಂತಿಗೆ ಶೀಲ್ಡನ್ನು ಒಂದೇ ತುದಿಯಲ್ಲಿ ಅರ್ಥಿಂಗ್‌ಗೆ ಸೇರಿಸುವುದು ವಾಡಿಕೆ. ಎರಡೂ ಕಡೆ ಸೇರಿಸಿದರೆ ಆ ಹೊದಿಕೆಯೇ ಅರ್ಥಿಂಗ್ ವ್ಯತ್ಯಾಸದ ದಾರಿಯಾಗಬಹುದು. ಶೀಲ್ಡನ್ನೇ ಸಂಕೇತದ ಗ್ರೌಂಡ್ ತಂತಿಯಾಗಿ ಬಳಸಬೇಡಿ. ಅದಕ್ಕೆ ಬೇರೆ ತಂತಿ ಕೊಡಿ.

ನಾಲ್ಕನೆಯದು ಕನೆಕ್ಟರ್. ನಾವು ಡಿಬಿ-9 ಎನ್ನುವ 9 ಪಿನ್ನಿನ ಕನೆಕ್ಟರ್ 1984ರಲ್ಲಿ ಬಂದ ಐಬಿಎಂ ಪಿಸಿ ಎಟಿ ಕಂಪ್ಯೂಟರ್‌ನಿಂದ ಎಲ್ಲೆಡೆ ಹರಡಿತು. ಅದಕ್ಕೆ ಮೊದಲು 25 ಪಿನ್ನಿನದು ಬಳಕೆಯಲ್ಲಿತ್ತು. ಕಂಪ್ಯೂಟರ್ ಕಡೆಯ 9 ಪಿನ್ನಿನಲ್ಲಿ 2ನೇ ಪಿನ್ ಕೇಳುವ ಕಿವಿ, 3ನೇ ಪಿನ್ ಮಾತನಾಡುವ ಬಾಯಿ, 5ನೇ ಪಿನ್ ಗ್ರೌಂಡ್. 7 ಮತ್ತು 8 'ಕಳಿಸಲೇ', 'ಕಳಿಸು' ಎಂದು ಕೇಳಿ ಹೇಳುವ ಪಿನ್ನುಗಳು. 25 ಪಿನ್ನಿನಲ್ಲಿ ಇದು ತಿರುಗುಮುರುಗು: 2 ಬಾಯಿ, 3 ಕಿವಿ, ಗ್ರೌಂಡ್ 7. ಒಬ್ಬನ ಬಾಯಿ ಇನ್ನೊಬ್ಬನ ಕಿವಿಗೆ ಹೋಗಬೇಕು. ಕೆಲವು ಯಂತ್ರಗಳು ಒಳಗೇ ಅದಲುಬದಲು ಮಾಡಿಕೊಂಡಿರುತ್ತವೆ, ಅವಕ್ಕೆ ನೇರ ತಂತಿ ಸಾಕು. ಉಳಿದವಕ್ಕೆ 2 ಮತ್ತು 3ನ್ನು ಅಡ್ಡಹಾಯಿಸಿದ ಕ್ರಾಸ್ ತಂತಿ ಬೇಕು. ಯಾವುದು ಎಂದು ಊಹೆ ಮಾಡಬೇಡಿ. ತಂತಿ ಬಿಚ್ಚಿ, ಯಂತ್ರ ಆನ್ ಮಾಡಿ, ಮಲ್ಟಿಮೀಟರ್‌ನಿಂದ 5ನೇ ಪಿನ್ನಿಗೂ 2 ಮತ್ತು 3ನೇ ಪಿನ್ನಿಗೂ ನಡುವೆ ಅಳೆಯಿರಿ. ಯಾವುದರಲ್ಲಿ ಮೈನಸ್ 5ರಿಂದ ಮೈನಸ್ 12ರಷ್ಟು ವೋಲ್ಟ್ ನಿಂತಿದೆಯೋ ಅದೇ ಆ ಯಂತ್ರದ ಬಾಯಿ.

7 ಮತ್ತು 8ನೇ ಪಿನ್ನಿನ ಮಹತ್ವ ಸಿಎನ್‌ಸಿ ಯಂತ್ರದಲ್ಲಿ ಗೊತ್ತಾಗುತ್ತದೆ. ಕಂಪ್ಯೂಟರ್ ಒಂದೇ ಸಮನೆ ಪ್ರೋಗ್ರಾಂ ಸುರಿಯುತ್ತದೆ. ಯಂತ್ರದ ಜಾಗ ತುಂಬಿದಾಗ 'ತಡಿ' ಎಂದು ಹೇಳಲು ತಂತಿ ಇಲ್ಲದಿದ್ದರೆ, ಅಥವಾ ಅದಕ್ಕೆ ಬದಲಾಗಿ ಎಕ್ಸ್‌ಆನ್-ಎಕ್ಸ್‌ಆಫ್ ಎಂಬ ಅಕ್ಷರ ಸಂಕೇತವನ್ನು ಎರಡೂ ಕಡೆ ಹೊಂದಿಸದಿದ್ದರೆ, ಕೆಲವು ಅಕ್ಷರಗಳು ನೆಲಕ್ಕೆ ಚೆಲ್ಲುತ್ತವೆ. ಎಕ್ಸ್ 12.5 ಎಂಬುದರಲ್ಲಿ ಚುಕ್ಕೆ ಬಿದ್ದುಹೋಯಿತು ಎಂದಿಟ್ಟುಕೊಳ್ಳಿ. ಉಳಿದದ್ದು 125. ಯಂತ್ರದ ಹೊಂದಾಣಿಕೆಗೆ ತಕ್ಕಂತೆ ಅದು 125 ಮಿಲಿಮೀಟರ್ ಎಂದಾದರೂ ಓದಬಹುದು, 0.125 ಮಿಲಿಮೀಟರ್ ಎಂದಾದರೂ ಓದಬಹುದು. ಎರಡೂ ತಪ್ಪೇ. ಕೆಲಸದ ತುಂಡು ಹಾಳಾಗುತ್ತದೆ, ಟೂಲ್ ಮುರಿಯುತ್ತದೆ, ಎದುರು ನಿಂತ ಆಪರೇಟರ್‌ಗೂ ಅಪಾಯ.

ಕನೆಕ್ಟರ್ ಕೊಳ್ಳುವಾಗ ಬೆಲೆ ಮಾತ್ರ ನೋಡಬೇಡಿ. ತಂತಿಯನ್ನು ಕಚ್ಚಿ ಹಿಡಿಯುವ ಕ್ಲಾಂಪ್ ಇರುವ ಕವಚ, ಎರಡು ಬದಿಯ ಸ್ಕ್ರೂ ಇವೆರಡೂ ಇರಲಿ. ಕ್ಲಾಂಪ್ ಇಲ್ಲದಿದ್ದರೆ ಎಳೆತವೆಲ್ಲ ಬೆಸುಗೆಯ ಮೇಲೆ ಬೀಳುತ್ತದೆ. ಬೆಸುಗೆ ಹಾಕುವಾಗ ಪ್ರತಿ ಪಿನ್ನಿಗೂ ಹೀಟ್ ಶ್ರಿಂಕ್ ಸ್ಲೀವ್ ಹಾಕಿ. ಬೆಸುಗೆ ಹೊಳೆಯುತ್ತಾ ಕೂತಿರಬೇಕು, ಉಂಡೆ ಕಟ್ಟಿರಬಾರದು. ಸ್ಕ್ರೂ ಟರ್ಮಿನಲ್ ಆದರೆ ಎಳೆ ತಂತಿಯ ತುದಿಗೆ ಫೆರುಲ್ ಒತ್ತಿ ಕೂರಿಸಿ. ತುದಿಗೆ ಸೋಲ್ಡರ್ ಬಳಿದು ಸ್ಕ್ರೂ ಬಿಗಿದರೆ ಸೋಲ್ಡರ್ ಮೆತ್ತಗೆ ಒತ್ತಿಕೊಂಡು ಕಾಲಕ್ರಮೇಣ ಸಡಿಲವಾಗುತ್ತದೆ.

ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಸೀರಿಯಲ್ ಪೋರ್ಟ್ ಇರುವುದಿಲ್ಲ, ಯುಎಸ್‌ಬಿ ಪರಿವರ್ತಕ ಬೇಕು. ಯುಎಸ್‌ಬಿ 2.0 ತಂತಿಗೆ ಮಿತಿ 5 ಮೀಟರ್. ಆದ್ದರಿಂದ ಯುಎಸ್‌ಬಿ ಕಡೆ ಚಿಕ್ಕದಿರಲಿ, ಉದ್ದ ಬೇಕಾದರೆ ಸೀರಿಯಲ್ ಕಡೆ ಇರಲಿ. ನಕಲಿ ಚಿಪ್ಪಿನ ಪರಿವರ್ತಕಗಳು ಡ್ರೈವರ್ ಬದಲಾದಾಗ ಏಕಾಏಕಿ ನಿಂತುಬಿಡುತ್ತವೆ. ಬಿಲ್ ಕೊಡುವ ಅಂಗಡಿಯಲ್ಲಿ ಕೊಳ್ಳಿ. ಹೊರಟ ಜಾಗದಲ್ಲಿ ಕೆಲಸ ಕೆಡದಿರಲು ಮೊದಲೇ 2 ಮತ್ತು 3ನೇ ಪಿನ್ನನ್ನು ಒಂದು ತುಂಡು ತಂತಿಯಿಂದ ಸೇರಿಸಿ, ಟರ್ಮಿನಲ್ ಪ್ರೋಗ್ರಾಂನಲ್ಲಿ ಅಕ್ಷರ ಒತ್ತಿ. ಒತ್ತಿದ್ದು ಹಿಂದಿರುಗಿ ಬಂದರೆ ಪರಿವರ್ತಕ ಸರಿಯಿದೆ. ತಂತಿಯ ಕೊನೆಯಲ್ಲಿ ಇದನ್ನೇ ಮಾಡಿದರೆ ತಂತಿಯ ಪರೀಕ್ಷೆಯೂ ಆಯಿತು.

ಐದನೆಯದು ಜಾಗ. ಡೈರಿಯಲ್ಲಿ ನೀರು, ಹಾಲು, ತೊಳೆಯುವ ಸೋಡಾ. ಕನೆಕ್ಟರ್ ನೆಲದಿಂದ ಎತ್ತರದಲ್ಲಿರಲಿ, ತಂತಿ ಕೆಳಗೆ ಜೋತು ಬಿದ್ದು ಆಮೇಲೆ ಮೇಲೇರಿ ಕನೆಕ್ಟರ್ ಸೇರಲಿ. ಹನಿ ಕೆಳಗೇ ಉದುರುತ್ತದೆ. ಎಪಿಎಂಸಿ ಯಾರ್ಡಿನಲ್ಲಿ ದೂಳು ಮತ್ತು ಇಲಿ. ಅಲ್ಲಿ ಕೇಬಲ್ ಪೈಪಿನೊಳಗೆ ಹೋಗಲಿ. ಕಾರ್ಖಾನೆಯಲ್ಲಿ ಕೂಲೆಂಟ್ ಎಣ್ಣೆ, ಅದಕ್ಕೆ ತಡೆಯುವ ಹೊರಹೊದಿಕೆ ಮತ್ತು ಸ್ಕ್ರೂ ತಿರುಗಿಸಿ ಮುಚ್ಚುವ ದುಂಡನೆಯ ಕನೆಕ್ಟರ್ ಬೇಕು. ಎಲ್ಲ ಕಡೆಯೂ 230 ವೋಲ್ಟಿನ ತಂತಿಯ ಜೊತೆ ಒಂದೇ ಪೈಪಿನಲ್ಲಿ ಇದನ್ನು ಎಳೆಯಬೇಡಿ. ದಾಟಲೇಬೇಕಾದರೆ ಅಡ್ಡವಾಗಿ ದಾಟಿಸಿ.

ಮಿತ್ರರೇ, ಇಷ್ಟಕ್ಕೆ ಬೇಕಾದ ಸಾಮಾನು ಒಂದು ಚೀಲದಲ್ಲಿ ಹಿಡಿಯುತ್ತದೆ: ಮಲ್ಟಿಮೀಟರ್, ಸೋಲ್ಡರಿಂಗ್ ಐರನ್, ಒಂದು ಕಟಿಂಗ್ ಪ್ಲೇಯರ್, ಯುಎಸ್‌ಬಿ ಪರಿವರ್ತಕ, ಕೆಲವು ಕನೆಕ್ಟರ್. ದೊಡ್ಡ ಬಂಡವಾಳ ಬೇಡ. 2006ರಲ್ಲಿ ಬಂದ ಸಾಚಾರ್ ಸಮಿತಿಯ ವರದಿ ನಮ್ಮ ಸಮುದಾಯದಲ್ಲಿ ಸ್ವಂತ ಕಸುಬಿನ ಮೇಲೆ ಬದುಕುವವರೇ ಹೆಚ್ಚು ಎಂದು ತೋರಿಸಿತು. ವೈಂಡಿಂಗ್, ವೆಲ್ಡಿಂಗ್, ಗ್ಯಾರೇಜು, ಮೊಬೈಲ್ ರಿಪೇರಿ ನಮಗೆ ಹೊಸದಲ್ಲ. ಕೈಯಲ್ಲಿ ಕೆಲಸ ಇದೆ. ಅದರ ಜೊತೆಗೆ ಯಂತ್ರದ ಪುಸ್ತಕ ಓದುವ ಅಭ್ಯಾಸ, ಅಳೆದು ನೋಡಿ ಹೇಳುವ ಅಭ್ಯಾಸ ಸೇರಿದರೆ ರಿಪೇರಿಯವನು ಎನ್ನುವವರೇ ತಂತ್ರಜ್ಞ ಎನ್ನುತ್ತಾರೆ.

ನಮ್ಮ ಊರು ಸೂಕ್ಷ್ಮ ಕೆಲಸಕ್ಕೆ ಹೊಸದೂ ಅಲ್ಲ. 1978ರಲ್ಲಿ ತುಮಕೂರಿನಲ್ಲಿ ಎಚ್‌ಎಂಟಿ ಗಡಿಯಾರ ಕಾರ್ಖಾನೆ ಆರಂಭವಾಯಿತು. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆಯ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ವಿಮಾನಯಾನದಲ್ಲಿ ಬಳಸುವ ಆರಿಂಕ್ 429, ಮಿಲ್ ಸ್ಟ್ಯಾಂಡರ್ಡ್ 1553 ಎಂಬ ಮಾಹಿತಿ ಮಾರ್ಗಗಳೂ ಸೀರಿಯಲ್ ಜಾತಿಯವೇ, ಶೀಲ್ಡ್ ಹೊದ್ದ ತಿರುಚಿದ ಜೋಡಿ ತಂತಿಯವೇ. ಹಾಲಿನ ಡೈರಿಯಲ್ಲಿ ಕಲಿತ ಪಾಠ ಅಲ್ಲೂ ಬೇರೆ ಆಗುವುದಿಲ್ಲ, ಶಿಸ್ತು ಮಾತ್ರ ಹೆಚ್ಚು. ಕಾರ್ಖಾನೆಗಳು ಬರುತ್ತವೆ, ಹೋಗುತ್ತವೆ. ಅಳೆದು ಕಟ್ಟುವ ಕೈ ಎಲ್ಲ ಕಾಲಕ್ಕೂ ಬೇಕು.

ಕೊನೆಯದಾಗಿ ಒಂದು ಮಾತು. ಅಂಕಿ ಸರಿಯಾಗಿ ಬರುತ್ತಿಲ್ಲ ಎಂದು ಡೈರಿಯ ಕಾರ್ಯದರ್ಶಿ ನಿಮ್ಮನ್ನು ಕರೆದಾಗ, ತಪ್ಪು ಇರುವುದು ಎರಡು ಮೀಟರ್ ತಂತಿಯಲ್ಲಿ ಎಂದು ನಿಮಗೆ ಮಾತ್ರ ಗೊತ್ತಿರುತ್ತದೆ. ಯಂತ್ರವೇ ಹೋಗಿದೆ, ಹೊಸದು ತನ್ನಿ ಎಂದರೆ ಅವರು ನಂಬುತ್ತಾರೆ. ಹಾಗೆ ಹೇಳಬೇಡಿ. ತಂತಿ ಬದಲಿಸಿ, ಎರಡೂ ತುದಿಗೆ ಹೆಸರಿನ ಚೀಟಿ ಅಂಟಿಸಿ, ಯಾವ ಪಿನ್ನಿಗೆ ಯಾವ ಬಣ್ಣ ಎಂದು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಹಾಕಿ, ಹತ್ತು ಸಲ ತಕ್ಕಡಿಯ ಅಂಕಿಯನ್ನೂ ಪರದೆಯ ಅಂಕಿಯನ್ನೂ ಕಾರ್ಯದರ್ಶಿಯ ಎದುರಿಗೇ ತಾಳೆ ನೋಡಿ. ನಿಮ್ಮ ಕೂಲಿ ಕೇಳಿ ಪಡೆಯಿರಿ. ಅಮಾನತ್ ಎಂದು ನಮ್ಮ ಹಿರಿಯರು ಹೇಳಿದ್ದು ಇದನ್ನೇ. ಇನ್ನೊಬ್ಬರು ನಂಬಿ ನಮ್ಮ ಕೈಗೆ ಒಪ್ಪಿಸಿದ್ದನ್ನು ಕೆಡದಂತೆ ಹಿಂದಿರುಗಿಸುವುದು.